ಹೆಸರು ಮುಚ್ಚಿದರು, ಕೈಬರಹವನ್ನೂ ಮುಚ್ಚಿದರು

ಪ್ರಶ್ನೆ: ಸಾವಿರ ವರ್ಷದ ಹಿಂದೆಯೇ ಚೀನಾದಲ್ಲಿ ಪರೀಕ್ಷೆ ನಡೆಸಿ ಸರ್ಕಾರಿ ಅಧಿಕಾರಿಗಳನ್ನು ಆರಿಸುತ್ತಿದ್ದರಂತೆ. ಆಗ ವಶೀಲಿ ನಡೆಯುತ್ತಿರಲಿಲ್ಲವೇ? ಬಡವರ ಮಕ್ಕಳೂ ಅಧಿಕಾರಿ ಆಗಬಹುದಿತ್ತೇ?
– ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಒಬ್ಬ ಓದುಗ

ಉತ್ತರ: ವಶೀಲಿ ಚೆನ್ನಾಗಿಯೇ ನಡೆಯುತ್ತಿತ್ತು. ಟಾಂಗ್ ರಾಜವಂಶದ ಕಾಲದಲ್ಲಿ (618–907) ಉತ್ತರ ಪತ್ರಿಕೆ ಯಾರದ್ದು ಅಂತ ಸಾಮಾನ್ಯವಾಗಿ ಪರೀಕ್ಷಕರಿಗೆ ಗೊತ್ತಿರುತ್ತಿತ್ತು. ಅಭ್ಯರ್ಥಿಗಳು ಪರೀಕ್ಷೆಗೆ ಮೊದಲೇ ತಮ್ಮ ಕವಿತೆಗಳನ್ನು ದೊಡ್ಡವರ ಮನೆಗೆ ಕೊಟ್ಟು ಬರುತ್ತಿದ್ದರು. ಒಂದು ಒಳ್ಳೆಯ ಮಾತು ಹೇಳಿಸಿಕೊಳ್ಳುವುದಕ್ಕೆ! ಎಲ್ಲಕ್ಕಿಂತ ಹೆಚ್ಚು ಮರ್ಯಾದೆಯಿದ್ದ ‘ಜಿನ್‌ಶಿ’ ಪದವಿ ವರ್ಷಕ್ಕೆ 20–30 ಜನರಿಗೆ ಸಿಕ್ಕರೆ ಜಾಸ್ತಿ.

ಸಾಂಗ್ ರಾಜವಂಶ (960–1279) ಇದಕ್ಕೆ ಬೀಗ ಹಾಕಲು ಹೊರಟಿತು. ಮೊದಲು, ಪತ್ರಿಕೆಯಲ್ಲಿ ಹೆಸರು ಬರೆದ ಭಾಗವನ್ನು ಮುಚ್ಚಿ ಅಂಟಿಸಿದರು. ಆದರೆ ಕೈಬರಹ ನೋಡಿದರೆ ಶಿಷ್ಯ ಯಾರು ಅಂತ ಗುರುವಿಗೆ ತಿಳಿಯುತ್ತದೆ ಅಲ್ವಾ? ಅದಕ್ಕೇ 1015ರ ಹೊತ್ತಿಗೆ ಗುಮಾಸ್ತರನ್ನು ಕೂರಿಸಿ, ಒಂದೊಂದು ಪತ್ರಿಕೆಯನ್ನೂ ಬೇರೆ ಹಾಳೆಗೆ ನಕಲು ಮಾಡಿಸತೊಡಗಿದರು. ಪರೀಕ್ಷಕರಿಗೆ ಸಿಗುತ್ತಿದ್ದದ್ದು ಆ ನಕಲು ಮಾತ್ರ. ಮೌಲ್ಯಮಾಪನ ಮುಗಿಯುವವರೆಗೆ ಅವರನ್ನೂ ಒಳಗೇ ಕೂಡಿಹಾಕುತ್ತಿದ್ದರು.

1057ರಲ್ಲಿ ಮುಖ್ಯ ಪರೀಕ್ಷಕರಾಗಿದ್ದವರು ಒಯಾಂಗ್ ಶಿಯು. ಒಂದು ಪ್ರಬಂಧ ಅವರಿಗೆ ತುಂಬಾ ಹಿಡಿಸಿತು. ಮೊದಲ ಸ್ಥಾನಕ್ಕೇ ಲಾಯಕ್ಕು. ಆದರೆ ಇದು ತಮ್ಮ ಶಿಷ್ಯ ಝೆಂಗ್ ಗಾಂಗ್ ಬರೆದದ್ದೇ ಇರಬೇಕು, ಮೊದಲ ಸ್ಥಾನ ಕೊಟ್ಟರೆ ಜನ ಆಡಿಕೊಳ್ಳುತ್ತಾರೆ ಎಂದುಕೊಂಡು ಎರಡನೆಯದಕ್ಕೆ ಇಳಿಸಿದರು. ಬರೆದವನು ಅವರಿಗೆ ಪರಿಚಯವೇ ಇಲ್ಲದ ಸಿಚುವಾನ್ ಕಡೆಯ ಹುಡುಗ, ಸು ಶಿ. ಮುಂದೆ ಚೀನಾದ ಮಹಾಕವಿಗಳಲ್ಲಿ ಒಬ್ಬನಾದ. ಆಗ ಅವನಿಗೆ ಇಪ್ಪತ್ತರ ವಯಸ್ಸು. ಅದೇ ವರ್ಷ ಒಯಾಂಗ್, ಆಡಂಬರದ ಶೈಲಿಯಲ್ಲಿ ಬರೆದವರನ್ನೆಲ್ಲ ಫೇಲ್ ಮಾಡಿದ್ದರು. ಫೇಲಾದವರು ಬೀದಿಯಲ್ಲಿ ಅವರನ್ನು ಸುತ್ತುವರಿದು ಗಲಾಟೆ ಮಾಡಿದರು. ಪಾಪ, ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಅದೇ ಶೈಲಿಯನ್ನು. ಸಿಲೆಬಸ್ ಬದಲಾದಾಗ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನು ಬಡವರ ವಿಷಯ. ಮುಂದೆ ಮಂತ್ರಿಯಾದ ಫಾನ್ ಝೊಂಗ್‌ಯಾನ್ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು, ಗಂಜಿ ಕುಡಿದು ಓದಿದವರು. ಪಾಸಾದದ್ದು 1015ರಲ್ಲಿ. ಇಂಥವರು ಇದ್ದರು, ಸುಳ್ಳಲ್ಲ. ಆದರೆ ಹತ್ತಾರು ವರ್ಷ ದುಡಿಯದೆ ಓದಬೇಕು, ಪುಸ್ತಕ ಬೇಕು, ಮೇಷ್ಟ್ರು ಬೇಕು, ಮೊದಲು ಜಿಲ್ಲೆಯಲ್ಲಿ ಗೆದ್ದು ಆಮೇಲೆ ರಾಜಧಾನಿ ಕೈಫೆಂಗ್‌ಗೆ ಹೋಗಬೇಕು. ಕೂಲಿಯವನ ಮಗನಿಗೆ ಇದು ಎಲ್ಲಿ ಸಾಧ್ಯ? ಹೆಣ್ಣುಮಕ್ಕಳಿಗಂತೂ ಪ್ರವೇಶವೇ ಇರಲಿಲ್ಲ. ಇತ್ತ ದೊಡ್ಡ ಅಧಿಕಾರಿಗಳ ಮಕ್ಕಳಿಗೆ ಈ ಪರೀಕ್ಷೆಯನ್ನೇ ಬರೆಯದೆ ಕೆಲಸಕ್ಕೆ ಸೇರುವ ಹಕ್ಕು ಹಾಗೇ ಉಳಿದಿತ್ತು. ನನ್ನ ಪ್ರಕಾರ ಹೆಸರು ಮುಚ್ಚಿದ್ದರಿಂದ ಲಾಭವಾದದ್ದು ಬಡವರಿಗಿಂತ ಊರಕಡೆಯ ಅನುಕೂಲಸ್ಥರಿಗೆ.

ಖರ್ಚಿನ ಬಿಸಿ ಫಾನ್‌ಗೆ ಚೆನ್ನಾಗಿ ಗೊತ್ತಿತ್ತು. 1050ರ ಹೊತ್ತಿಗೆ ಅವರು ಸುಝೌನಲ್ಲಿ ಜಮೀನು ಕೊಂಡು ತಮ್ಮ ಕುಲದವರಿಗೆ ಬಿಟ್ಟುಕೊಟ್ಟರು. ಅದರ ಗೇಣಿಯಿಂದ ಅವರ ಊಟ, ಬಟ್ಟೆ, ಮದುವೆಯ ಖರ್ಚು ನಡೆಯುತ್ತಿತ್ತು. ಆಮೇಲೆ ಮಕ್ಕಳ ಕಾಲದಲ್ಲಿ, ಪರೀಕ್ಷೆ ಬರೆಯಲು ಹೊರಟವರಿಗೂ ಅದರಿಂದಲೇ ಹಣ ಕೊಡುವ ನಿಯಮ ಬಂತು.