ಹಾಟ್ ಚಾಕೊಲೇಟ್ ದಪ್ಪಗೆ ಬರೋದು ಹೇಗೆ?

ಪ್ರಶ್ನೆ: ಮೇಡಂ, ಹಾಲಿಗೆ ಕೋಕೋ ಪುಡಿ, ಸಕ್ಕರೆ ಹಾಕಿ ಕುದಿಸಿದರೆ ಹಾಟ್ ಚಾಕೊಲೇಟ್ ನೀರುನೀರಾಗುತ್ತೆ. ಪುಡಿಯೂ ಗಂಟುಗಟ್ಟಿ ತೇಲುತ್ತೆ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಬರೀ ಪುಡಿಯಿಂದ ಆ ದಪ್ಪ ಬರುವುದಿಲ್ಲ. ಕೋಕೋ ಪುಡಿ ಮಾಡುವಾಗ ಬೀಜದ ಕೊಬ್ಬನ್ನು ಬಹುಪಾಲು ಹಿಂಡಿ ತೆಗೆದಿರುತ್ತಾರೆ. ಜೊತೆಗೆ ಡಾರ್ಕ್ ಚಾಕೊಲೇಟ್ ಬೇಕೇ ಬೇಕು. ಪೊಟ್ಟಣದ ಹಿಂದೆ ಕೋಕೋ ಬಟರ್, ಅಂದರೆ ಅದೇ ಬೀಜದ ಕೊಬ್ಬು, ಅಂತ ಇದೆಯಾ ನೋಡಿ. ಕಾಂಪೌಂಡ್ ಚಾಕೊಲೇಟಿನಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ನಾಲಿಗೆಗೆ ಮೇಣದಂತೆ ಅಂಟುತ್ತದೆ. ನನಗಂತೂ ಸೇರುವುದಿಲ್ಲ.

ಇಬ್ಬರಿಗೆ 300 ಮಿಲಿ ಗಟ್ಟಿ ಹಾಲು, 50 ಗ್ರಾಂ ಚಾಕೊಲೇಟ್ ಸಾಕು. ಎರಡು ಚಮಚ ಕೋಕೋ, ಒಂದು ಚಮಚ ಕಾರ್ನ್‌ಫ್ಲೋರ್, ರುಚಿಗೆ ಸಕ್ಕರೆ ತಗೊಂಡು ಸ್ವಲ್ಪ ತಣ್ಣನೆ ಹಾಲಿನಲ್ಲಿ ಕಲಸಿ. ಪುಡಿ ಮೊದಲು ಸುಮ್ನೆ ಮೇಲೇ ತೇಲುತ್ತೆ. ಚಮಚದ ಬೆನ್ನಿನಿಂದ ಬಟ್ಟಲಿನ ಅಂಚಿಗೆ ಒತ್ತಿ ತಿಕ್ಕಿ. ನುಣ್ಣಗೆ ಹೊಳೆಯುವ ಪೇಸ್ಟ್ ಆಗುತ್ತೆ. ಅದನ್ನು ಕಾದ ಹಾಲಿಗೆ ಸುರಿದು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಕುದಿ ಬಂದು ಮಂದವಾದಾಗ ಒಲೆ ಆರಿಸಿ, ಆಮೇಲೆ ಹೆಚ್ಚಿದ ಚಾಕೊಲೇಟ್, ಚಿಟಿಕೆ ಉಪ್ಪು ಹಾಕಿ.

ಇಟಲಿಯಲ್ಲಿ ಇದನ್ನು ಚಮಚದಲ್ಲಿ ತಿನ್ನುವಷ್ಟು ದಪ್ಪ ಮಾಡುತ್ತಾರೆ. ಅಷ್ಟು ಬೇಕಿದ್ದರೆ ಕಾರ್ನ್‌ಫ್ಲೋರ್ ಅರ್ಧ ಚಮಚ ಜಾಸ್ತಿ ಹಾಕಿ. ಅಂದಹಾಗೆ, ನಿಮ್ಮ ಘಟ್ಟ ಇಳಿದರೆ ಪುತ್ತೂರಿನಲ್ಲೇ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಇದೆಯಲ್ವಾ!