ಊರವರೇ ಬರೆದ ಗೋಡೆಚಿತ್ರ ಉದುರುತ್ತಿದೆ, ಮತ್ತೆ ಬರೆಸುವುದು ಹೇಗೆ?

ನಿಮ್ಮೂರಿನ ಶಾಲೆಯ ಹೊರಗೋಡೆಯಲ್ಲಿ 12 ವರ್ಷದ ಹಿಂದೆ ಊರವರೂ ಕಲಾವಿದರೂ ಸೇರಿ ಬರೆದ ಚಿತ್ರ ಹಕ್ಕಳೆ ಏಳುತ್ತಿದೆ, ಮತ್ತೆ ಬರೆಸಲು ಯಾವ ಬಣ್ಣ ಒಳ್ಳೆಯದು, ಊರವರನ್ನು ಹೇಗೆ ಸೇರಿಸಿಕೊಳ್ಳುವುದು ಎಂದು ಕೇಳಿದ್ದೀರಿ. ಬಣ್ಣದ ಮಾತು ಕೊನೆಗಿರಲಿ. ಮೊದಲು ಜೋರು ಮಳೆಯ ದಿನ ಕೊಡೆ ಹಿಡಿದು ಆ ಗೋಡೆಯ ಎದುರು ಅರ್ಧ ಗಂಟೆ ನಿಂತು, ನೀರು ಎಲ್ಲಿಂದ ಬರುತ್ತದೆಂದು ನೋಡಿ.

ನಾನು ಸಾಗರದ ಕಡೆಯ ಹಳ್ಳಿಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮೊದಲ ಸಲ ಇಂಥ ಕೆಲಸಕ್ಕೆ ಕೈಹಾಕಿದಾಗ ಉದುರುತ್ತಿದ್ದ ಕಡೆಯಷ್ಟನ್ನು ಕೆರೆದು, ದುಬಾರಿ ಎಮಲ್ಷನ್ ಬಳಿದು, ಮಕ್ಕಳಿಂದ ಚಿತ್ರ ಬರೆಸಿದೆವು. ಒಂದೇ ಮಳೆಗಾಲಕ್ಕೆ ಕೆಳಗಿನ ಮೂರು ಅಡಿ ಗುಳ್ಳೆ ಎದ್ದಿತು. ಗೋಡೆ ಜಂಬಿಟ್ಟಿಗೆಯದು, ನೆಲದ ತೇವ ಹೀರುತ್ತದೆ. ಎದುರಿನ ರಸ್ತೆಯನ್ನು ಜಲ್ಲಿ ಸುರಿದು ಸುರಿದು ಎತ್ತರಿಸಿದ್ದರಿಂದ ನೀರೆಲ್ಲ ಗೋಡೆಯ ಬುಡಕ್ಕೇ ಬರುತ್ತಿತ್ತು. ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣದ ಪದರ. ತೇವ ಹೋಗುವುದಾದರೂ ಎಲ್ಲಿಗೆ? ಎರಡನೆಯ ಸಲ ಮೊದಲ ಖರ್ಚು ಚರಂಡಿಗೂ ಸೂರಿನ ಒಡೆದ ಹೆಂಚಿಗೂ ಆಯಿತು. ಒಂದು ಬೇಸಗೆ ಪೂರ್ತಿ ಗೋಡೆಯನ್ನು ಒಣಗಲು ಬಿಟ್ಟೆವು. ಬಿಳಿ ಉಪ್ಪು ಹೊಮ್ಮಿದ್ದರೆ ಒಣ ಬ್ರಶ್ಶಿನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗಿಳಿಯುತ್ತದೆ.

ಉದುರಿಹೋದ ಭಾಗ ಹೇಗಿತ್ತೆಂದು ತಿಳಿದದ್ದು ಮನೆಮನೆಯ ಆಲ್ಬಮ್ಮುಗಳಿಂದ. ಮದುವೆ ದಿಬ್ಬಣದ ವ್ಯಾನು ನಿಂತಿದ್ದ ಒಂದು ಫೋಟೊದಲ್ಲಿ, ವ್ಯಾನಿನ ಹಿಂದೆ, ಚಿತ್ರದ ಇಡೀ ಎಡಭಾಗ ಸಿಕ್ಕಿತು! ಫೋಟೊ ಹುಡುಕಲು ಹೋದ ಮನೆಗಳವರೇ ಆಮೇಲೆ ಕೆಲಸಕ್ಕೂ ಬಂದರು. ಕರಪತ್ರ ಹಂಚಿ ಕರೆದ ಸಭೆಗೆ ಬಂದಿದ್ದವರು ಏಳು ಜನ.

ಜಗಳವೂ ಆಯಿತು. ನಮ್ಮ ಚಿತ್ರದ ಸುತ್ತಲಿನ ಅಂಚು ದೀವರ ಚಿತ್ತಾರ, ಅಂದರೆ ಮಲೆನಾಡಿನ ದೀವರು ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಚಿತ್ರ. ಇದ್ದ ಗೆರೆಯ ಮೇಲೇ ಗೆರೆ ಬರಬೇಕೆಂದು ನಾನು ಟ್ರೇಸಿಂಗ್ ಹಾಳೆ ಹಿಡಿದು ಕುಳಿತಿದ್ದೆ. ಚಿತ್ತಾರಗಿತ್ತಿಯಾದ ಅಜ್ಜಿಯೊಬ್ಬರು ನಕ್ಕುಬಿಟ್ಟರು: "ಹಳೆಯದನ್ನು ನಕಲು ಮಾಡುವುದೇಕೆ ಮೇಷ್ಟ್ರೇ? ಕೆಮ್ಮಣ್ಣು ಸಾರಿಸಿಕೊಡಿ, ಬರೆಯುತ್ತೇವೆ." ಅವರ ಮಾತೇ ಸರಿ. ಮದುವೆಗೆ, ಹಬ್ಬಕ್ಕೆ ಗೋಡೆ ಸಾರಿಸಿ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಟ್ಟುಕೊಂಡು ಪುಂಡಿ ನಾರಿನ ಕುಂಚದಿಂದ ಹೊಸದಾಗಿ ಬರೆಯುವ ಕಲೆ ಅದು. ಅಂಚನ್ನು ಹೆಂಗಸರಿಗೇ ಬಿಟ್ಟುಕೊಟ್ಟೆವು. ನಡುವಿನ ಚಿತ್ರ ಮಾತ್ರ ಕಲಾವಿದರೊಬ್ಬರು ಸಹಿ ಹಾಕಿದ್ದು, ಅಲ್ಲಿ ಉದುರಿದ ಕಡೆಯಷ್ಟೇ ಬಣ್ಣ ಹೊಂದಿಸಿದೆವು. ನಿಮ್ಮ ಗೋಡೆಯಲ್ಲಿಯೂ ಯಾವುದು ಉಳಿಯಬೇಕು, ಯಾವುದು ಹೊಸದಾಗಿ ಬರಬೇಕು ಎಂದು ಬ್ರಶ್ ಮುಟ್ಟುವ ಮೊದಲೇ ಕುಳಿತು ಮಾತಾಡಿ.

ಮೂಲ ಕಲಾವಿದರನ್ನು ಕೇಳದೆ ಏನನ್ನೂ ತಿದ್ದಬೇಡಿ. ಮರ್ಯಾದೆಯ ಮಾತು ಹಾಗಿರಲಿ, ಕಾನೂನೂ ಇದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರ್‌ನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ 1979ರಲ್ಲಿ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ನಮ್ಮ ಕಲಾವಿದರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದೇ ಬೇರೆ: ಚಿತ್ರದಲ್ಲಿದ್ದ ಎತ್ತಿನ ಮುಖ ಬರೆದಾಗಲೇ ಸರಿಬಂದಿರಲಿಲ್ಲ, ತಿದ್ದಲು ತಾವೇ ಬರುತ್ತೇವೆಂದರು. ಬಂದರು. ಎತ್ತು ಈಗಲೂ ಸ್ವಲ್ಪ ಕತ್ತೆಯಂತೆಯೇ ಇದೆ.

ಇನ್ನು ಬಣ್ಣ. ಸುಣ್ಣದ ಗಾರೆಯ ಗೋಡೆಯಾದರೆ ಸುಣ್ಣದ ಜೊತೆ ಹೊಂದುವ ಮಣ್ಣಿನ ಬಣ್ಣಗಳೇ ಇರಲಿ, ಅವು ತೇವವನ್ನು ಹೊರಬಿಡುತ್ತವೆ. ಒಣಗಿದ ಸಿಮೆಂಟ್ ಗೋಡೆಗೆ ಹೊರಾಂಗಣದ ಅಕ್ರಿಲಿಕ್ ಆದೀತು. ಯಾವ ಬಣ್ಣವೇ ಆಗಲಿ, ಮೊದಲು ಒಂದು ಚದರ ಅಡಿ ಬಳಿದು ಒಂದು ಮಳೆಗಾಲ ಕಾಯಿರಿ. ಯಾವ ಬಣ್ಣಕ್ಕೆ ಏನು ಎಷ್ಟು ಬೆರೆಸಿದಿರೆಂದು ಬರೆದು, ಆ ಹಾಳೆಯನ್ನು ಶಾಲೆಯಲ್ಲೇ ಇಡಿ. ನಮ್ಮದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿದೆ, ಬೀಗದ ಕೈ ಬಿಸಿಯೂಟದ ಅಡುಗೆಯವರ ಹತ್ತಿರ.