ಗುಂಡ್ಲುಪೇಟೆಯಿಂದ ಎಂ.ಎ.ಗೆ: ಚಾಮರಾಜನಗರವೋ, ಮೈಸೂರೋ?

ತಂಗಿಗೆ ಎಂ.ಎ. ಸೀಟು ಎರಡೂ ಕಡೆ ಸಿಗಬಹುದು, ‘ಹೊಸ ಚಾಮರಾಜನಗರ ವಿಶ್ವವಿದ್ಯಾಲಯ ಮುಚ್ಚಿಬಿಟ್ಟರೆ ಏನು ಗತಿ’ ಅಂತ ಕೇಳಿದ್ದೀರಿ. ನಾನಾಗಿದ್ದರೆ ಚಾಮರಾಜನಗರಕ್ಕೇ ಕಳಿಸುತ್ತಿದ್ದೆ.

ಚಾಮರಾಜನಗರ ವಿ.ವಿ.ಯ ಬೇಡರಪುರದ ಕ್ಯಾಂಪಸ್ ನಿನ್ನೆ ಮೊನ್ನೆ ಶುರುವಾದದ್ದಲ್ಲ. ಮೊದಲು ಅದು ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರ. 2023ರಲ್ಲಿ ಸರ್ಕಾರ ಏಳು ಹೊಸ ವಿ.ವಿ. ಮಾಡಿದಾಗ ಬೋರ್ಡು ಬದಲಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಇಂಥ ಹಲವು ವಿ.ವಿ.ಗಳನ್ನು ಮುಚ್ಚಬೇಕು ಅಂದಿತು, ನಿಮ್ಮ ಭಯ ಸುಮ್ನೆ ಅಲ್ಲ. ಆದರೆ ವಿ.ವಿ. ಹೋದರೂ ಕೇಂದ್ರ ಹೋಗಬೇಕು ಅಂತೇನಿಲ್ಲ. ಮತ್ತೆ ಮೈಸೂರಿನ ಕೆಳಗೆ ಬರಬಹುದು ಅಷ್ಟೇ.

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿ.ಮೀ. ನನ್ನ ಅಕ್ಕ ಒಂದು ವರ್ಷ ಹಾಗೆ ಓಡಾಡಿದ್ದಳು. ಬೆಳಗ್ಗೆ ಆರೂವರೆ ಬಸ್ಸು, ಡಬ್ಬಿಯ ಚಿತ್ರಾನ್ನ ನಂಜನಗೂಡು ದಾಟುವಷ್ಟರಲ್ಲೇ ಖಾಲಿ. ಸಂಜೆ ಮನೆಗೆ ಬಂದರೆ ಪುಸ್ತಕ ತೆರೆಯುವ ಶಕ್ತಿ ಇರುತ್ತಿರಲಿಲ್ಲ. ಚಾಮರಾಜನಗರ ಅದರ ಹೆಚ್ಚುಕಮ್ಮಿ ಅರ್ಧ ದೂರ.

ಮೈಸೂರಿನ ಲೈಬ್ರರಿ ಮಾತ್ರ ಚಾಮರಾಜನಗರದ್ದಕ್ಕಿಂತ ದೊಡ್ಡದು, ಒಪ್ಪುತ್ತೇನೆ. ಹಾಸ್ಟೆಲ್ ಗ್ಯಾರಂಟಿ ಇದ್ದರೆ ಅಲ್ಲಿಗೇ ಸೇರಿಸಿ. ಇಲ್ಲದಿದ್ದರೆ ಬೇಡ.

ಸೇರಿಸುವ ಮುಂಚೆ ಒಮ್ಮೆ ಡಿಪಾರ್ಟ್‌ಮೆಂಟಿಗೇ ಹೋಗಿ. ಕಾಯಂ ಮೇಷ್ಟ್ರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತ ಕೇಳಿ. ಅಂಕಪಟ್ಟಿ ಯಾವ ವಿ.ವಿ. ಹೆಸರಲ್ಲಿ ಬರುತ್ತದೆ ಅನ್ನೋದನ್ನೂ ಕೇಳಿಕೊಳ್ಳಿ.